ಹುಳು ಮನೆಯಲ್ಲಿ ಮಲಗಿದ ಕತ್ತಿ

ಹೋದ ಪುಷ್ಯ ಮಾಸದಲ್ಲಿ, ಮಗಳ ಕತ್ತಿಗೆ ಚಳಿಯಾದೀತು ಎಂದು ಅದನ್ನು ಒಯ್ದು ಹುಳು ಮನೆಯಲ್ಲಿ, ಅಂದರೆ ರೇಷ್ಮೆ ಹುಳು ಸಾಕುವ ಮನೆಯಲ್ಲಿ, ಮಲಗಿಸಿದವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಬರೆಯುವುದೆಲ್ಲ ಆ ಒಂದು ರಾತ್ರಿಯ ಬಾಲ.

ಕತ್ತಿ ಎಂದರೆ ಕುಡುಗೋಲಲ್ಲ, ಮಚ್ಚೂ ಅಲ್ಲ. ಫೆನ್ಸಿಂಗ್ ಎಂಬ ಕತ್ತಿವರಸೆ ಆಟದ ಎಪೆ. ನಮ್ಮದು ಚಿಕ್ಕಬಳ್ಳಾಪುರಕ್ಕೂ ಶಿಡ್ಲಘಟ್ಟಕ್ಕೂ ನಡುವೆ ಇರುವ ಹಳ್ಳಿ. ಇಲ್ಲಿ ಫೆನ್ಸಿಂಗ್ ಎಂದರೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸುವುದು. ಮಗಳು ಪಟ್ಟಣಕ್ಕೆ ಫೆನ್ಸಿಂಗ್ ಕಲಿಯಲು ಹೋಗುತ್ತಾಳೆ ಎಂದಾಗ ಪಕ್ಕದ ತೋಟದವರು ಬಹಳ ಗಂಭೀರವಾಗಿ, "ಒಳ್ಳೆಯದೇ ಆಯಿತು, ಈಗ ಒಂದು ಅಡಿಗೆ ಕೂಲಿ ಎಷ್ಟು ನಡೆಯುತ್ತಿದೆ?" ಎಂದು ಕೇಳಿದ್ದರು. ನಾನು ಬಿಡಿಸಿ ಹೇಳಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಅವರ ತೋಟದ ಬೇಲಿ ಮಾತ್ರ ಇನ್ನೂ ಹಾಗೆಯೇ ಇದೆ.

ಈ ಹುಚ್ಚು ಹತ್ತಿದ್ದು 2021ರ ಜುಲೈನಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೆನ್ನೈನ ಭವಾನಿ ದೇವಿ ಮೊದಲ ಪಂದ್ಯವನ್ನು 15–3ರಿಂದ ಗೆದ್ದರು. ಒಲಿಂಪಿಕ್ಸ್‌ನ ಈ ಆಟದಲ್ಲಿ ಭಾರತದಿಂದ ಇಳಿದ ಮೊದಲಿಗರು ಅವರೇ. ಎರಡನೆಯ ಪಂದ್ಯದಲ್ಲಿ ಸೋತರು, ಆದರೆ ನಮ್ಮ ಹುಡುಗಿಗೆ ಅದು ಲೆಕ್ಕಕ್ಕಿರಲಿಲ್ಲ. ಆಗ ಹತ್ತು ವರ್ಷದವಳು. ಹುಳು ಗೂಡು ಕಟ್ಟಲು ಬಿಡುವ ಹಳೆಯ ಚಂದ್ರಿಕೆಯಿಂದ ಒಂದು ಬಿದಿರು ದಬ್ಬೆ ಕಿತ್ತುಕೊಂಡು ಅಂಗಳದಲ್ಲಿ ಕುಣಿದಳು. ಭವಾನಿಯವರೂ ಶುರುವಿನಲ್ಲಿ ಬಿದಿರು ಕೋಲಿನಲ್ಲೇ ಅಭ್ಯಾಸ ಮಾಡಿದವರಂತೆ. ಹಾಗಾಗಿ ಬೈಯಲು ನನಗೆ ಬಾಯಿ ಬರಲಿಲ್ಲ. ಈ ಆಟದಲ್ಲಿ ಕತ್ತಿ ಮೂರು ಬಗೆ: ಎಪೆ, ಫಾಯಿಲ್, ಸೇಬರ್. ಅವರ ಆಯುಧ ಸೇಬರ್. ನಾವು ಎಪೆ ಆರಿಸಿಕೊಂಡದ್ದಕ್ಕೆ ಕಾರಣ ನನ್ನ ಜೇಬು. ಸೇಬರಿಗೂ ಫಾಯಿಲಿಗೂ ಲೋಹದ ಎಳೆ ನೇಯ್ದ ದುಬಾರಿ ಜಾಕೆಟ್ ಬೇಕು, ಏಟು ಬಿದ್ದ ಜಾಗ ಯಂತ್ರಕ್ಕೆ ತಿಳಿಯಬೇಕಲ್ಲ. ಎಪೆಯಲ್ಲಿ ನೆತ್ತಿಯಿಂದ ಕಾಲ್ಬೆರಳಿನ ತನಕ ಮೈಯೆಲ್ಲ ಗುರಿಯೇ. ಆ ಜಾಕೆಟ್ಟಿನ ಖರ್ಚಿಲ್ಲ.

ಇನ್ನು ಚಳಿ. ನಂದಿ ಬೆಟ್ಟ 1478 ಮೀಟರ್ ಎತ್ತರದಲ್ಲಿ ಕುಳಿತು ಇಡೀ ಧನುರ್ಮಾಸ ಮಂಜು ಹೊದ್ದುಕೊಂಡಿರುತ್ತದೆ. ಬೆಂಗಳೂರಿನವರು ಕಾರು ಕಟ್ಟಿಕೊಂಡು ನೋಡಲು ಬರುವುದು ಆ ಮಂಜನ್ನು. ಬೆಟ್ಟದ ಬುಡದ ನಮಗೆ ಅದು ನೋಟವಲ್ಲ, ಹೊಲದ ಮೇಲೆ ಬೀಳುವ ಒದ್ದೆ. ಜನವರಿಯ ಬೆಳಗಿನ ಐದೂವರೆಗೆ ನಮ್ಮ ಜಗುಲಿಯ ಥರ್ಮಾಮೀಟರ್ 12 ಡಿಗ್ರಿ ತೋರಿಸಿದ ದಿನಗಳಿವೆ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಎನ್ನುತ್ತಾರೆ. ಸಂಕ್ರಾಂತಿಯ ಹೊತ್ತಿನ ಹಿದುಕಿದ ಬೇಳೆ ಸಾರಿನ ಮುಂದೆ ಕುಳಿತಾಗ ನಾನೂ ಇಬ್ಬನಿಯ ಪರವೇ. ಉಕ್ಕಿನ ವಿಷಯಕ್ಕೆ ಬಂದರೆ ಆ ಪಕ್ಷ ಬದಲಾಯಿಸಬೇಕಾಗುತ್ತದೆ.

ಆ ದಿನ ನಡೆದದ್ದು ಹೀಗೆ. ಮಗಳು ಸಂಜೆಯ ಅಭ್ಯಾಸ ಮುಗಿಸಿದ ಮೇಲೆ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಬಂದೆ. ಚೀಲ ಅವಳ ಬೆನ್ನ ಮೇಲೆ. ದಾರಿಯುದ್ದಕ್ಕೂ ಕೊರೆಯುವ ಗಾಳಿ. ಮನೆಗೆ ಬಂದು ಮುಟ್ಟಿದರೆ ಬ್ಲೇಡು ಕೈ ಸುಡುವಷ್ಟು ತಣ್ಣಗಿತ್ತು. ಚಳಿಯಲ್ಲಿ ಉಕ್ಕು ಪೆಡಸಾಗಿ ಮುರಿಯುತ್ತದೆ ಎಂದು ಯಾರೋ ಹೇಳಿದ್ದು ನನ್ನ ತಲೆಯಲ್ಲಿತ್ತು. ಹುಳು ಮನೆ ಬೆಚ್ಚಗಿತ್ತು. ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಬಿಟ್ಟ ಹುಳು, ಮರಿ ಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಬಂದು ಎರಡು ದಿನವಾಗಿತ್ತು. ಹೀಟರ್ ಹಚ್ಚಿ, ಗೋಡೆಗೆ ಒದ್ದೆ ಗೋಣಿಚೀಲ ಕಟ್ಟಿ, ಮಗುವಿನ ತೊಟ್ಟಿಲಿನ ಹಾಗೆ ನೋಡಿಕೊಳ್ಳುತ್ತಿದ್ದೆವು. ಎರಡೂ ಎಪೆಗಳನ್ನು ಚೀಲದಿಂದ ತೆಗೆದೆ, ಒರೆಸಲಿಲ್ಲ, ಬರಿಗೈಯಲ್ಲಿ ಹಿಡಿದು ಹುಳುವಿನ ತಟ್ಟೆಗಳ ಪಕ್ಕದ ಅಟ್ಟಣೆಯ ಮೇಲೆ ಇಟ್ಟೆ. ಸೊಪ್ಪು ಹಾಕಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಬಂದು ಮಲಗಿದೆ. ಒಳ್ಳೆಯ ಅಪ್ಪ ಎಂಬ ಸಮಾಧಾನದಲ್ಲಿ ನಿದ್ದೆಯೂ ಚೆನ್ನಾಗಿಯೇ ಬಂತು.

ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿದರೆ ಬ್ಲೇಡಿನ ಉದ್ದಕ್ಕೂ ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕೆಗಳು. ನಡುವೆ ಒಂದು ಕಡೆ ಚುಕ್ಕೆಗಳು ಕೂಡಿಕೊಂಡು ಅಡ್ಡಡ್ಡ ನಾಲ್ಕು ಪಟ್ಟಿಗಳಾಗಿದ್ದವು, ಅವುಗಳ ಎದುರು ಮಗ್ಗುಲಲ್ಲಿ ಇನ್ನೊಂದು ಅಗಲದ ಪಟ್ಟಿ. ಸ್ವಲ್ಪ ಹೊತ್ತು ಅದೇನೆಂದು ತಿಳಿಯಲಿಲ್ಲ. ಆಮೇಲೆ ನನ್ನ ಕೈಯನ್ನು ಅದರ ಮೇಲೆ ಇಟ್ಟು ನೋಡಿದೆ. ನಾಲ್ಕು ಬೆರಳು, ಒಂದು ಹೆಬ್ಬೆಟ್ಟು. ಹಿಂದಿನ ರಾತ್ರಿ ನಾನು ಹಿಡಿದಿದ್ದ ಜಾಗ. ಹೆಬ್ಬೆಟ್ಟಿನ ಗೆರೆಗಳು ಕೂಡ ತುಕ್ಕಿನಲ್ಲಿ ಮೂಡಿದ್ದವು. ಸಹಕಾರ ಸಂಘದ ಪುಸ್ತಕದಲ್ಲೂ ನನ್ನ ಹೆಬ್ಬೆಟ್ಟು ಅಷ್ಟು ಸ್ಪಷ್ಟವಾಗಿ ಬಿದ್ದಿರಲಿಲ್ಲ.

ನಾಚಿಕೆಯ ವಿಷಯವೆಂದರೆ, ಆಗಬಾರದ್ದು ಏಕಾಯಿತು ಎಂದು ಹೇಳುವ ಉಪಕರಣ ಆ ಗೋಡೆಯ ಮೇಲೆಯೇ ನೇತಾಡುತ್ತಿತ್ತು. ರೇಷ್ಮೆ ಸಾಕುವವರ ಮನೆಯಲ್ಲಿ ಒಣ ಬುರುಡೆ, ಹಸಿ ಬುರುಡೆಯ ಜೋಡಿ ಥರ್ಮಾಮೀಟರ್ ಇಲ್ಲದಿರುವುದಿಲ್ಲ. ಹಸಿ ಬುರುಡೆಗೆ ಒದ್ದೆ ಬತ್ತಿ ಸುತ್ತಿರುತ್ತದೆ; ಎರಡರ ಅಂತರ ಕಡಿಮೆಯಾದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ಆ ಬೆಳಿಗ್ಗೆ ಒಣ ಬುರುಡೆ 26, ಹಸಿ ಬುರುಡೆ ಇಪ್ಪತ್ತಮೂರೂವರೆ. ಅಂದರೆ ಗಾಳಿಯ ತೇವಾಂಶ ಶೇ 80ರ ಸುತ್ತ; ಮೂರನೇ ಹಂತದ ಹುಳುವಿಗೆ ಹೇಳಿ ಮಾಡಿಸಿದ್ದು. ಅಷ್ಟು ತೇವ ಹೊತ್ತ ಗಾಳಿ 22 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಅಲ್ಲೇ ನೀರು ಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ತಂಬಿಗೆ ಬೆವರುವುದಿಲ್ಲವೇ, ಹಾಗೆ. 15 ಡಿಗ್ರಿಯ ಬ್ಲೇಡನ್ನು ಅಲ್ಲಿ ಇಟ್ಟದ್ದೆಂದರೆ ನೀರಿನಲ್ಲಿ ಅದ್ದಿ ಇಟ್ಟ ಲೆಕ್ಕ. ಸಾಲದ್ದಕ್ಕೆ ಹುಳು ಬರುವ ಮುಂಚೆ ಸೋಂಕು ಹೋಗಲೆಂದು ಬ್ಲೀಚಿಂಗ್ ಪುಡಿ, ಸುಣ್ಣ ಹೊಡೆದಿದ್ದೆವು. ಬ್ಲೀಚಿಂಗ್ ಪುಡಿ ಹೊಡೆದ ಮನೆಯಲ್ಲಿ ಬಾಗಿಲ ಚಿಲಕ ಎಷ್ಟು ವರ್ಷ ಬಾಳುತ್ತದೆ ಎಂದು ನಮ್ಮ ಕಡೆ ಯಾರನ್ನು ಬೇಕಾದರೂ ಕೇಳಿ. ಇಪ್ಪತ್ತು ವರ್ಷ ಆ ಎರಡು ಬುರುಡೆಗಳನ್ನು ನೋಡಿ ಹುಳುವಿಗೆ ಸುಣ್ಣಕಟ್ಟು ರೋಗ ಬರುತ್ತದೋ ಇಲ್ಲವೋ ಲೆಕ್ಕ ಹಾಕಿದವನಿಗೆ ಒಂದು ಕಬ್ಬಿಣದ ತುಂಡಿನ ಲೆಕ್ಕ ಹೊಳೆಯಲಿಲ್ಲ.

ಮಗಳಿಗೆ ಕಾಣುವ ಮೊದಲೇ ಸರಿಮಾಡಬೇಕೆಂದು ಪಂಪ್‌ಸೆಟ್ ಕೋಣೆಯಲ್ಲಿದ್ದ ಒರಟು ಎಮರಿ ಪೇಪರ್ ತಂದು ಗಸಗಸ ಉಜ್ಜಿದೆ. ಉದ್ದಕ್ಕಲ್ಲ, ಅಡ್ಡಕ್ಕೆ, ಬಾಗಿಲಿಗೆ ಬಣ್ಣ ಹೊಡೆಯುವವರು ಮರ ಉಜ್ಜುವ ಹಾಗೆ. ಕಂದು ಬಣ್ಣ ಹೋಯಿತು. ಗುಳಿ ಹೋಗಲಿಲ್ಲ. ಮೇಲೆ ಗೀರು ಬೇರೆ.

ಫೆಬ್ರುವರಿಯ ಮೊದಲ ವಾರ, ಬೆಳಗಿನ ಆರೂ ಕಾಲು. ಅಭ್ಯಾಸ ನಡೆಯುವುದು ತಗಡಿನ ಚಾವಣಿಯ ಒಂದು ಹಾಲ್‌ನಲ್ಲಿ. ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಮಗಳು ಮುನ್ನುಗ್ಗಿ ಎದುರಾಳಿಯ ಭುಜಕ್ಕೆ ಚುಚ್ಚಿದಳು, ಬ್ಲೇಡು ಬಿಲ್ಲಿನ ಹಾಗೆ ಬಾಗಿತು, ಟಿಣ್ ಎಂಬ ಸದ್ದು. ತುದಿಯಿಂದ ಒಂದು ಗೇಣಿಗಿಂತ ತುಸು ಮೇಲೆ ಮುರಿದಿತ್ತು. ತುಂಡು ಹಾರಿ ಹೋಗಲಿಲ್ಲ: ಎಪೆ ಬ್ಲೇಡಿನ ಉದ್ದಕ್ಕೂ ಇರುವ ತೋಡಿನಲ್ಲಿ ತುದಿಯ ತನಕ ಅಂಟು ಹಾಕಿ ಕೂರಿಸಿದ ಎರಡು ಸಣ್ಣ ತಂತಿಗಳಿರುತ್ತವೆ, ಅವುಗಳ ಮೇಲೆ ಜೋತಾಡುತ್ತಿತ್ತು, ಕುತ್ತಿಗೆ ಮುರಿದ ಕೋಳಿಯ ಹಾಗೆ. ಯಾರಿಗೂ ಏನೂ ಆಗಲಿಲ್ಲ. ಆದರೂ ನನ್ನ ಕೈ ನಡುಗಿತು. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಫಾಯಿಲ್ ಮುರಿದು, ಮಾಸ್ಕಿನ ಜಾಲರಿ ತೂರಿ, ಒಲಿಂಪಿಕ್ ಚಾಂಪಿಯನ್ ವ್ಲಾದಿಮಿರ್ ಸ್ಮಿರ್ನೋವ್ ಕೆಲವು ದಿನಗಳ ಬಳಿಕ ತೀರಿಕೊಂಡದ್ದನ್ನು ಓದಿದ್ದೆ. ಈಗಿನ ಗಟ್ಟಿ ಮಾಸ್ಕು, ಗಟ್ಟಿ ಬಟ್ಟೆ, ಬ್ಲೇಡಿನ ಉಕ್ಕಿನ ಬಗೆಗಿನ ಕಟ್ಟುನಿಟ್ಟು ಎಲ್ಲಕ್ಕೂ ಆ ಸಾವು ದೊಡ್ಡ ಕಾರಣ.

"ಚಳಿಗೆ ಹೀಗಾಗುತ್ತದೆ" ಎಂದರು ಅಲ್ಲಿದ್ದವರೆಲ್ಲ. ಹೂಂ ಎಂದುಬಿಟ್ಟಿದ್ದರೆ ತಪ್ಪು ಆಕಾಶದ ಮೇಲೆ ಹೋಗುತ್ತಿತ್ತು. ಆದರೆ ಮುರಿದ ಮುಖವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮುಖದ ಹೆಚ್ಚಿನ ಭಾಗ ಆಗ ತಾನೇ ಒಡೆದ ಸಕ್ಕರೆಯ ಹಾಗೆ ಹೊಳೆಯುವ ಬೂದು. ಒಂದು ಅಂಚಿನಲ್ಲಿ ಮಾತ್ರ ಉಗುರಿನ ಬುಡದ ಅರ್ಧಚಂದ್ರದಷ್ಟು ಜಾಗ ಕಪ್ಪು ಕಂದು. ಈ ಕ್ಷಣ ಮುರಿದ ಉಕ್ಕಿಗೆ ಈ ಕ್ಷಣವೇ ತುಕ್ಕು ಬರುವುದಿಲ್ಲ. ಅಂದರೆ ಆ ಅರ್ಧಚಂದ್ರ ಅಂದು ಮುರಿದದ್ದಲ್ಲ. ಎಷ್ಟೋ ದಿನಗಳಿಂದ ಒಂದೊಂದು ಏಟಿಗೂ ಒಂದೊಂದು ಕೂದಲಿನಷ್ಟು ಬಿರಿಯುತ್ತ ಬಂದು, ಒಳಗೆ ಬೆವರು ಕುಡಿದು ಕಪ್ಪಾದದ್ದು. ಬಿರುಕು ಶುರುವಾದದ್ದು ಒಂದು ಗುಳಿಯಲ್ಲಿ. ಆ ಗುಳಿ ಇದ್ದದ್ದು ನನ್ನ ತೋರುಬೆರಳಿನ ಪಟ್ಟಿಯಲ್ಲಿ. ಮನೆಗೆ ಬಂದು ಬ್ಲೇಡಿನ ಮೇಲೆ ಮತ್ತೆ ಕೈ ಇಟ್ಟು ಖಾತ್ರಿ ಮಾಡಿಕೊಂಡೆ. ಮಗಳಿಗೆ ಅಂದೇ ಎಲ್ಲ ಹೇಳಿದೆ. "ಉಜ್ಜಿದ್ದು ಗೊತ್ತಿತ್ತು ಅಪ್ಪ, ಗೀರು ಕಂಡಿತ್ತು" ಎಂದಳು.

ಚಳಿಗೆ ಉಕ್ಕು ಪೆಡಸಾಗುವುದು ಸುಳ್ಳಲ್ಲ. ಸಾಮಾನ್ಯ ಕಾರ್ಬನ್ ಉಕ್ಕು ತಣ್ಣಗಾಗುತ್ತ ಹೋದಂತೆ ಏಟು ತಡೆಯುವ ಗುಣ ಕಳೆದುಕೊಳ್ಳುತ್ತದೆ. ಹಿಮ ಬೀಳುವ ದೇಶಗಳಲ್ಲಿ ಸೊನ್ನೆಗಿಂತ ಕೆಳಗಿನ ರಾತ್ರಿಯಿಡೀ ಕಾರಿನ ಡಿಕ್ಕಿಯಲ್ಲಿ ಬಿದ್ದಿದ್ದ ಬ್ಲೇಡನ್ನು ಹಾಗೆಯೇ ಎತ್ತಿಕೊಂಡು ಆಡಲು ಹೋಗಬಾರದು ಎಂದರೆ ಅದರಲ್ಲಿ ಅರ್ಥವಿದೆ. ನಮ್ಮ 12 ಡಿಗ್ರಿಯ ಚಳಿಗೆ ಆ ಶಕ್ತಿ ಇಲ್ಲ. ನಮ್ಮಲ್ಲಿ ಚಳಿ ಬರುವುದು ಕೈಯಲ್ಲಿ ನೀರು ಹಿಡಿದುಕೊಂಡು. ಕೆಡಿಸುವುದು ಆ ನೀರು. ದುಬಾರಿ ಬ್ಲೇಡು ಕೊಂಡರೆ ಈ ತಾಪತ್ರಯ ಇಲ್ಲ ಎಂದುಕೊಳ್ಳುವವರೂ ಇದ್ದಾರೆ. ಅಂತರರಾಷ್ಟ್ರೀಯ ಫೆನ್ಸಿಂಗ್ ಒಕ್ಕೂಟದ ಮೊಹರು ಇರುವ ಬ್ಲೇಡುಗಳು ಹೆಚ್ಚಾಗಿ ಮಾರೇಜಿಂಗ್ ಉಕ್ಕಿನವು: ಶೇ 18ರಷ್ಟು ನಿಕಲ್, ಕಾರ್ಬನ್ ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿ ಬಿರುಕು ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ಹೆಚ್ಚು ದಿನ ಬಾಳುತ್ತದೆ. ಆದರೆ ಅಡುಗೆ ಮನೆಯ ಸ್ಟೀಲಿನಲ್ಲಿರುವ ಹಾಗೆ ಅದರಲ್ಲಿ ಕ್ರೋಮಿಯಂ ಇಲ್ಲ, ತುಕ್ಕು ಅದನ್ನೂ ಬಿಡುವುದಿಲ್ಲ.

ಈಗ ನಮ್ಮ ಮನೆಯಲ್ಲಿ ನಡೆಯುವ ಕ್ರಮ ಹೇಳುತ್ತೇನೆ. ಒರೆಸುವುದು ಮನೆಗೆ ಬಂದ ಮೇಲಲ್ಲ, ಹಾಲ್‌ನಲ್ಲೇ, ಚೀಲಕ್ಕೆ ಹಾಕುವ ಮೊದಲು. ಬೆವರಿನ ಉಪ್ಪು ಬಹಳ ಕೆಟ್ಟದ್ದು. ಗಾಳಿಯ ತೇವಾಂಶ ಶೇ 75 ದಾಟಿತೆಂದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಂಡು ಕರಗುತ್ತದೆ, ಮಳೆಗಾಲದಲ್ಲಿ ಉಪ್ಪಿನ ಜಾಡಿ ನೋಡಿದವರಿಗೆ ಇದು ಗೊತ್ತು. ಒದ್ದೆ ಜಾಕೆಟ್, ಕೈಗವಸು ಬೇರೆ ಚೀಲಕ್ಕೆ. ಮುಂಚೆ ಅವಳು ಬೆವರಿನ ಜಾಕೆಟ್ಟನ್ನೇ ಬ್ಲೇಡುಗಳಿಗೆ ಸುತ್ತುತ್ತಿದ್ದಳು, ಬೈಕಿನಲ್ಲಿ ಒಂದಕ್ಕೊಂದು ಬಡಿಯದಿರಲಿ ಎಂದು. ಈಗ ನನ್ನ ಹಳೆಯ ಪಂಚೆಯ ತುಂಡು ಸುತ್ತುತ್ತಾಳೆ. ಹನಿ ನೀರಾವರಿಯಲ್ಲಿ ಉಳಿದ ಪಿ.ವಿ.ಸಿ. ಪೈಪಿನ ತುಂಡಿನಿಂದ ಒರೆ ಮಾಡಿಕೊಟ್ಟಿದ್ದೆ, ಬಹಳ ಜಂಬದಿಂದ. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಅದೂ ಒಂದು ಪುಟ್ಟ ಹುಳು ಮನೆಯೇ ಆಯಿತು. ಪೈಪು ಈಗ ಕೋಳಿಗೂಡಿಗೆ ಆಸರೆ ಕಂಬ.

ಮನೆಗೆ ಬಂದ ಕೂಡಲೇ ಚೀಲ ತೆರೆಯುವುದಿಲ್ಲ. ಇದೇ ಎಲ್ಲರಿಗೂ ವಿಚಿತ್ರವಾಗಿ ಕಾಣುವುದು. ಜಿಪ್ ಎಳೆದ ಚೀಲ ನಡುಮನೆಯಲ್ಲಿ ಒಂದು ಗಂಟೆ ಸುಮ್ಮನೆ ಬಿದ್ದಿರಬೇಕು. ಬೆಚ್ಚಗಿನ ಗಾಳಿಗೆ ತಣ್ಣಗಿನ ಉಕ್ಕು ಸಿಕ್ಕಬಾರದು. ಚೀಲದ ಒಳಗೇ ಅದು ಮೆಲ್ಲಗೆ ಮನೆಯ ಬಿಸಿಗೆ ಬರಲಿ, ಆಮೇಲೆ ತೆರೆದರೆ ಬೆವರುವುದಿಲ್ಲ. ತೆರೆದ ಮೇಲೆ ಮತ್ತೊಮ್ಮೆ ಒಣಬಟ್ಟೆ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ, ಇನ್ನೊಂದು ಬಟ್ಟೆಯಿಂದ ಆ ಎಣ್ಣೆಯನ್ನೂ ಒರೆಸಿ ತೆಗೆದಂತೆ ತೆಗೆಯುವುದು. ಉಳಿಯುವ ಪೊರೆಯಷ್ಟೇ ಸಾಕು. ಇಡುವುದು ಒಳಕೋಣೆಯ ಗೋಡೆಗೆ, ಅಡುಗೆ ಮನೆಯಿಂದಲೂ ಯೂರಿಯಾ ಮೂಟೆಯಿಂದಲೂ ದೂರ. ಎಲ್ಲಾದರೂ ಚುಕ್ಕೆ ಕಂಡರೆ 600ನೇ ನಂಬರಿನ ನುಣುಪು ಎಮರಿ, ಉದ್ದುದ್ದಕ್ಕೆ ಮಾತ್ರ, ತಂತಿಯ ತೋಡನ್ನು ಮುಟ್ಟದೆ. ಉಗುರಿನಿಂದ ಎಳೆದಾಗ ಗುಳಿ ತಡೆದರೆ ಆ ಬ್ಲೇಡು ಪಂದ್ಯಕ್ಕಿಲ್ಲ. ತಿಂಗಳಿಗೊಮ್ಮೆ ಹಿಡಿಯನ್ನೂ ಕಳಚಿ ನೋಡುತ್ತೇನೆ. ಅದರೊಳಗೆ ಅಡಗಿದ ಬ್ಲೇಡಿನ ಬುಡಕ್ಕೆ ಅಂಗೈ ಬೆವರು ಇಳಿದಿರುತ್ತದೆ, ಕೇಳುವವರಿರುವುದಿಲ್ಲ.

ಎಣ್ಣೆಯ ವಿಷಯದಲ್ಲಿ ಮನೆಯಲ್ಲಿ ಮೂರು ಪಕ್ಷಗಳಾಗಿದ್ದವು. ಹೆಂಡತಿಯದು ಕೊಬ್ಬರಿ ಎಣ್ಣೆ. ಒಂದು ರಾತ್ರಿ ಟಿಪ್ ಬಿಗಿಯಾಗಿದೆ ಎಂದು ಒಂದು ತೊಟ್ಟು ಬಿಟ್ಟೂ ಬಿಟ್ಟಳು. ಟಿಪ್ ಎಂದರೆ ತುದಿಯ ಗುಂಡಿ, ಒಳಗೆ ಎರಡು ಸ್ಪ್ರಿಂಗು. 750 ಗ್ರಾಂ ತೂಕ ಇಟ್ಟರೆ ಅದನ್ನು ಎತ್ತಿ ನಿಲ್ಲಿಸುವಷ್ಟು ಸ್ಪ್ರಿಂಗಿಗೆ ಬಲವಿರಬೇಕು, ಅದೇ ಪರೀಕ್ಷೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಕಟ್ಟಿಕೊಳ್ಳುತ್ತದೆ. ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ತಲೆಗೆ ಹಚ್ಚಿಕೊಳ್ಳುವ ನಮಗೆ ಇದೂ ಗೊತ್ತಿರಬೇಕಿತ್ತು. ಬೆಳಿಗ್ಗೆ ಗುಂಡಿ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಎರಡು ಸಾಸಿವೆ ಕಾಳಿನಂಥ ತಿರುಪು ಬಿಚ್ಚಿ, ಸ್ಪಿರಿಟ್ ಹಾಕಿ ತೊಳೆಯುವಷ್ಟರಲ್ಲಿ ಮಗಳ ಸರದಿ ಮುಗಿದಿತ್ತು.

ನನ್ನ ತಾಯಿಯದು ಹರಳೆಣ್ಣೆ. "ನಿಮ್ಮ ತಾತ ಕುಡುಗೋಲಿಗೆ ಹರಳೆಣ್ಣೆ ಸವರಿ ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸುತ್ತಿದ್ದರು ಕಣೋ. ಯಾವ ಚಳಿ ಅದಕ್ಕೆ ಏನು ಮಾಡಿತು?" ಅವ್ವ ಹೇಳಿದ್ದರಲ್ಲಿ ತಪ್ಪಿಲ್ಲ. ಹರಳೆಣ್ಣೆ ನಮ್ಮ ಚಳಿಗೆ ಕಟ್ಟುವುದಿಲ್ಲ, ಬಿಡದೆ ಅಂಟಿಕೊಳ್ಳುತ್ತದೆ, ಒಲೆಯ ಮೇಲಿನ ಅಟ್ಟದಷ್ಟು ಒಣಗಿದ ಜಾಗ ಹಳೆಯ ಮನೆಯಲ್ಲಿ ಬೇರೆ ಇರಲಿಲ್ಲ. ತಾತನಿಗೆ ಹಸಿ ಬುರುಡೆ ಬೇಕಿರಲಿಲ್ಲ. ಆದರೆ ಕುಡುಗೋಲಿಗೆ ಕರೆಂಟು ಹರಿಯಬೇಕಾಗಿಲ್ಲ. ಎಪೆಯ ಗಾರ್ಡು, ಅಂದರೆ ಕೈ ಮುಚ್ಚುವ ಬಟ್ಟಲು, ತಂತಿಯ ಮೂಲಕ ಅಂಕ ಎಣಿಸುವ ಯಂತ್ರಕ್ಕೆ ಕೂಡಿಕೊಂಡಿರುತ್ತದೆ. ಎದುರಾಳಿಯ ಟಿಪ್ ಮೈಗೆ ತಾಗದೆ ಗಾರ್ಡಿಗೆ ತಾಗಿದರೆ ಯಂತ್ರಕ್ಕೆ ಅದು ತಿಳಿದು ದೀಪ ಹತ್ತುವುದಿಲ್ಲ. ಗಾರ್ಡಿನ ಮೇಲೆ ತುಕ್ಕೋ ಮಂದ ಎಣ್ಣೆಯೋ ಇದ್ದರೆ ಕರೆಂಟಿಗೆ ದಾರಿಯಿಲ್ಲ, ಬಟ್ಟಲಿಗೆ ಬಿದ್ದ ಏಟಿಗೂ ದೀಪ ಹತ್ತುತ್ತದೆ, ಎದುರಾಳಿಗೆ ಪುಕ್ಕಟೆ ಅಂಕ. ಅವ್ವ ಪ್ರೀತಿಯಿಂದ ಗಾರ್ಡಿಗೂ ಸವರಿದ ಆ ವಾರ ಮಗಳು ಹೀಗೆ ಎರಡು ಅಂಕ ಕಳೆದುಕೊಂಡು ಮೂಗು ಕೆಂಪಗೆ ಮಾಡಿಕೊಂಡು ಬಂದಳು. ಗಾರ್ಡಿಗೆ ಎಣ್ಣೆಯೇ ಬೇಡ, ಒಣಗಿದ ಬಟ್ಟೆ ಸಾಕು ಎಂದು ತೀರ್ಮಾನವಾಗಿದೆ. ಅವ್ವನಿಗೆ ಕುಡುಗೋಲುಗಳ ಮೇಲಿನ ಅಧಿಕಾರ ಹಾಗೆಯೇ ಇದೆ.

ಚಳಿಯ ಬೆಳಿಗ್ಗೆ ಆಡುವ ಮೊದಲು ಮಗಳು ತುದಿಯನ್ನು ಗೋಡೆಗಿಟ್ಟು ನಾಲ್ಕೈದು ಸಲ ನಿಧಾನವಾಗಿ ಬಾಗಿಸುತ್ತಾಳೆ, ಬ್ಲೇಡು ಬೆಚ್ಚಗಾಗುತ್ತದಂತೆ. ಉಕ್ಕಿಗೆ ಅದರಿಂದ ಏನೂ ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅವಳ ಮಣಿಕಟ್ಟು ಬೆಚ್ಚಗಾಗುತ್ತದೆ, ಅದಕ್ಕೆ ನಾನು ತಡೆಯುವುದಿಲ್ಲ.

ಹುಳು ಮನೆಗೆ ಈಗ ಹೊಸ ಥರ್ಮಾಮೀಟರ್ ಬಂದಿದೆ. ಹಲಗೆಯ ಮೂಲೆ ಚಕ್ಕೆ ಎದ್ದ ಹಳೆಯ ಜೋಡಿಯನ್ನು ಒಳಕೋಣೆಯಲ್ಲಿ, ಎಪೆಗಳ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಇದನ್ನು ಬರೆಯುತ್ತ ಕತ್ತೆತ್ತಿ ನೋಡಿದೆ: ಎರಡೂ ಬುರುಡೆಗಳಲ್ಲಿ 21. ಗಾಳಿ ಅಷ್ಟು ಒದ್ದೆಯಿರಲು ಸಾಧ್ಯವಿಲ್ಲ. ಹಸಿ ಬುರುಡೆಯ ಬತ್ತಿ ಒಣಗಿದೆ, ಡಬ್ಬಿಗೆ ನೀರು ಹಾಕಬೇಕು.